ಡಿಸ್ಚಾರ್ಜ್ ಚೀಟಿಯಾಗಿನ ಆ ಒಂದು ಶಬ್ದ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವರ್ಷ ಸೀಗಿ ಹುಣ್ಣಿಮಿ ಮುಗದ ವಾರದಾಗ ನಮ್ಮವ್ವಗ ಲಕ್ವಾ ಹೊಡೀತು, ಎಡಗೈ ಎಡಗಾಲು ಎರಡೂ ಬಿದ್ದವು. ಕಲಬುರಗಿಯ ಒಂದು ದವಾಖಾನ್ಯಾಗ ಎಂಟ್ ದಿನ ಇಟ್ಕೊಂಡು ಜೀವ ಉಳಿಸಿದ್ರು, ಅದಕ್ಕ ಎರಡು ಮಾತಿಲ್ಲ. ಆದ್ರ ಡಿಸ್ಚಾರ್ಜ್ ಚೀಟಿ ಕಡೀ ಸಾಲಿನಾಗ ಫಿಜಿಯೋಥೆರಪಿ ಅಂತ ಬರ್ದು ಕೈಗೆ ಕೊಟ್ರು ನೋಡ್ರಿ, ಅದು ಏನು, ಎಲ್ಲಿ, ಎಷ್ಟ್ ದಿನ ಅಂತ ಅವರು ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ. ಎಣ್ಣಿ ತಿಕ್ಕೋದೇ ಇರಬೇಕು ಅಂತ ತಿಳ್ಕೊಂಡು ಜೇವರ್ಗಿ ಕಡೆ ನಮ್ಮೂರಿಗೆ ಕರ್ಕೊಂಡು ಹೋಗಿ ಒಂದು ತಿಂಗಳು ಕುಸುಬಿ ಎಣ್ಣಿ ಕಾಸಿ ಕಾಸಿ ತಿಕ್ಕಿದ್ವಿ. ಹೊರಸಿನ ಮ್ಯಾಲಿಂದ ಎಬ್ಬಿಸುವಾಗ ಬಿದ್ದ ಕೈನೇ ಹಿಡದು ಜಗ್ಗತಿದ್ವಿ, ಹಿಡೀಲಿಕ್ಕೆ ಅದೇ ಸಲೀಸು ಸಿಗ್ತಿತ್ತಲ್ಲ.

ಆಮ್ಯಾಲ ಯಾರೋ ಹೇಳಿದ್ರು ಅಂತ ಫಿಜಿಯೋ ಮೇಡಮ್ ಹತ್ರ ಹೋದ್ರ, ಭುಜ ಮುಟ್ಟಿ ನೋಡಿದವರೇ "ಈ ಕೈ ಯಾರ್ ಜಗ್ಗೀರಿ?" ಅಂದ್ರು. ಲಕ್ವಾ ಆದಾಗ ಭುಜದ ಸುತ್ತಿನ ಸ್ನಾಯು ಸಡ್ಲ ಆಗಿರ್ತಾವಂತ, ಜಗ್ಗಿದ್ರ ಎಲುಬು ಕೀಲಿನಿಂದ ಕೆಳಗ ಜಾರ್ತದಂತ. ನನ್ನ ಬಟ್ಟು ಹಿಡದು ಆ ಜಾಗಕ್ಕ ಒತ್ತಿ ತೋರಿಸಿದ್ರು, ಬಟ್ಟು ಕೂಡುವಷ್ಟು ಸಂದು ಬಿದ್ದಿತ್ತು.

ಕರೆಂಟ್ ಮಷೀನ್ ಹಚ್ಚಿ ಅರ್ಧ ತಾಸಿನಾಗ ಕಳಿಸ್ತಾರ ಅಂತ ಹೋಗಿದ್ದೆ, ಅವತ್ತು ಮಷೀನ್ ಮುಟ್ಟಲೇ ಇಲ್ಲ. ಬಿಪಿ, ಶುಗರ್ ಕೇಳಿದ್ರು, ಯಾವ ಕೀಲು ಎಷ್ಟು ಮಡಚ್ತದ, ಯಾವ ಸ್ನಾಯುದಾಗ ಎಷ್ಟು ಬಲ ಅದ ಅಂತ ಬರ್ಕೊಂಡ್ರು, ಮನ್ಯಾಗ ಸಂಡಾಸಕ್ಕ ಎಷ್ಟು ಮೆಟ್ಟಲ ಅವ ಅಂತ ಸೈತ ಕೇಳಿದ್ರು. ಕಡೀಗೆ ಅವ್ವಗೇ "ಮೊದಲ ನಿಮಗ ಏನು ಮಾಡಾಕ ಬರಬೇಕು?" ಅಂತ ಕೇಳಿದ್ರ, ಅಕಿ "ಒಬ್ಬಾಕಿನೇ ಸಂಡಾಸಕ್ಕ ಹೋಗಬೇಕು ನೋಡವ್ವ" ಅಂದ್ಲು. ಅಲ್ಲಿಂದಲೇ ಶುರು ಆತು. ಖುರ್ಚಿಯಿಂದ ಎದ್ದು ನಿಂದ್ರೋದು, ಕೂಡೋದು, ಎಡಗಾಲ ಮ್ಯಾಲ ಭಾರ ಹಾಕೋದು, ಜ್ವಾಳದ ಹಿಟ್ಟು ಎಡಗೈಲೇ ಒತ್ತಿ ನಾದೋದು. ಅವರು ಮಾಡಿಸೋದು ಮುಕ್ಕಾಲು ತಾಸು, ಉಳಿದದ್ದು ಮನ್ಯಾಗ ನಾವೇ ಮಾಡಿಸಬೇಕು. ಮಾಡಿಸಿಲ್ಲ ಅಂದ್ರ ಮರುದಿನ ಅವರಿಗೆ ಹ್ಯಾಂಗ ಗೊತ್ತಾಗ್ತಿತ್ತೋ, ಬೈಸ್ಕೋತಿದ್ವಿ.

ಅಲ್ಲಿ ಬೆಂಚಿನ ಮ್ಯಾಲ ಕುಂತ ಮಂದಿ ಮಾತು ಕೇಳಿದ್ರ ನಮ್ಮಂಥವರೇ ಭಾಳ. ಮೊಣಕಾಲ ನೋವಿನವರು, ಶುಗರ್ ಇದ್ದು ಭುಜ ಹಿಡಕೊಂಡವರು. ಶೇಕ ಕೊಟ್ರ ಆರಾಮ ಅನಸ್ತದ, ನಾಲ್ಕು ದಿನಕ್ಕ ಬಿಟ್ಟು ಹೋಗ್ತಾರ, ತಿಂಗಳಿಗೆ ಮತ್ತ ಬರ್ತಾರ. ಶೇಕದಿಂದ ನೋವು ಹೊತ್ತಿಗೆ ಕಮ್ಮಿ ಆಗ್ತದ ಅಷ್ಟೇ, ಮೊಣಕಾಲಿಗೆ ಆಸರ ಆಗೋ ತೊಡಿ ಸ್ನಾಯುಗ ಬಲ ಬರಬೇಕಂದ್ರ ವ್ಯಾಯಾಮನೇ ಮಾಡಬೇಕು.

ಲಕ್ವಾದಾಗ ಸುಧಾರಿಸೋದು ಹೆಚ್ಚಾಗಿ ಮೊದಲ ಮೂರು ತಿಂಗಳಾಗೇ ಅಂತ, ನಾವು ಅದರಾಗ ಒಂದು ತಿಂಗಳು ಎಣ್ಣಿಗೆ ಕೊಟ್ವಿ. ಈಗ ಅವ್ವ ಬಡಿಗಿ ಹಿಡದು ಒಬ್ಬಾಕಿನೇ ಸಂಡಾಸಕ್ಕ ಹೋಗ್ತಾಳ, ಎಡಗೈ ಮಾತ್ರ ತಲೀ ಮಟ ಇನ್ನೂ ಏಳವಲ್ದು.

ಅದಕ್ಕ ದವಾಖಾನಿಯವರಿಗೆ ಕೇಳೋದು ಇಷ್ಟೇ, ಮನಿಗೆ ಕಳಿಸೋ ಮುಂಚೆ ಫಿಜಿಯೋ ಅವರನ್ನ ಕರಸಿ ಪೇಷಂಟನ್ನ ಹ್ಯಾಂಗ ಎಬ್ಬಿಸಬೇಕು ಅಂತ ಮನಿಯವರ ಕೈಯಾಗೇ ಒಂದ್ಸಲ ಮಾಡಿಸ್ರಿ, ಚೀಟಿಯಾಗ ಕನ್ನಡದಾಗ ನಾಲ್ಕು ಸಾಲು ಬರೀರಿ. ನೀವೂ ಅಷ್ಟೇ ಸಂಪಾದಕರೇ, ಸೆಪ್ಟೆಂಬರ್ 8ಕ್ಕ ವಿಶ್ವ ಫಿಜಿಯೋಥೆರಪಿ ದಿನ ಬರ್ತದ, ಅವತ್ತು ಶಾಲು ಹೊದಿಸಿದ ಫೋಟೊ ಹಾಕೋ ಜಾಗದಾಗ ಬಿದ್ದ ಕೈ ಜಗ್ಗಬ್ಯಾಡ್ರಿ ಅಂತ ದೊಡ್ಡಕ್ಷರದಾಗ ಹಾಕ್ರಿ.

— ಒಬ್ಬ ಓದುಗ, ಕಲಬುರಗಿ