ಭಾನುವಾರದ ಸಕಲೇಶಪುರ ಡ್ರೈವ್: ಟಿಲ್ಟ್ ಮೀಟರ್ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ.

ಭಾನುವಾರ ಬೆಳಿಗ್ಗೆ 6.30ಕ್ಕೆ ಸಕಲೇಶಪುರದಿಂದ ಹೊರಡುತ್ತೇವೆ. ತೋಟದ ದಾರಿಯಲ್ಲಿ ಪಕ್ಕಕ್ಕೆ ವಾಲುವ ಜಾಗ ಜಾಸ್ತಿ. ಹಾಗಾಗಿ ಟಿಲ್ಟ್ ಮೀಟರ್ (ಗಾಡಿ ಹಿಂದೆ-ಮುಂದೆ, ಪಕ್ಕಕ್ಕೆ ಎಷ್ಟು ಡಿಗ್ರಿ ವಾಲಿದೆ ಅಂತ ತೋರಿಸುವುದು) ಇರುವವರೆಲ್ಲ ಶನಿವಾರವೇ ಒಮ್ಮೆ ಪರೀಕ್ಷೆ ಮಾಡಿ.

ಸಮತಟ್ಟಾದ ಜಾಗ ಹುಡುಕಬೇಕಿಲ್ಲ. ಗಾಡಿ ನಿಲ್ಲಿಸಿ ಅಂಕಿ ಬರೆದುಕೊಳ್ಳಿ. ಅದೇ ಜಾಗದಲ್ಲಿ ಗಾಡಿಯ ಮೂತಿ ಪೂರ್ತಿ ವಿರುದ್ಧ ದಿಕ್ಕಿಗೆ ತಿರುಗಿಸಿ ನಿಲ್ಲಿಸಿ ಮತ್ತೆ ನೋಡಿ. ಮೊದಲು ಮೇಲಕ್ಕೆ 3 ಡಿಗ್ರಿ, ಆಮೇಲೆ ಕೆಳಕ್ಕೆ 3 ಬಂದರೆ ಸರಿ. ಮೇಲಕ್ಕೆ 3, ಕೆಳಕ್ಕೆ 1 ಬಂದರೆ ಮೀಟರ್ 1 ಡಿಗ್ರಿ ಸುಳ್ಳು ಹೇಳ್ತಿದೆ ಅಂತ. ಪಕ್ಕದ ವಾಲಿಗೂ ಇದೇ ಲೆಕ್ಕ.

ಥಾರ್ ಸ್ಕ್ರೀನ್‌ನಲ್ಲಿ ಬರುವುದಾಗಲಿ, ಫೋನ್ ಆ್ಯಪ್ ಆಗಲಿ, ಬ್ರೇಕ್ ಹಾಕಿದಾಗ, ಕುಲುಕಿದಾಗ ಅಂಕಿ ಕುಣಿಯುತ್ತದೆ. ನಿಂತು ಓದಿ. ಓದುವುದು ಪಕ್ಕದಲ್ಲಿ ಕೂತವರ ಕೆಲಸ, ಡ್ರೈವರ್ ಕಣ್ಣು ದಾರಿ ಮೇಲಿರಲಿ.

ಪಕ್ಕದ ವಾಲು 20 ಡಿಗ್ರಿ ದಾಟಿದರೆ ನಿಲ್ಲಿಸಿ, ವಾಕಿಟಾಕಿಯಲ್ಲಿ ಹೇಳಿ. ಅದರೊಳಗಿದ್ದರೂ ಒದ್ದೆ ಮಣ್ಣಲ್ಲಿ ಜಾರಬಹುದು, ಮೀಟರಿಗೆ ಮಣ್ಣಿನ ಸುದ್ದಿ ಗೊತ್ತಿಲ್ಲ ಅಲ್ವಾ! ಛಾವಣಿ ಮೇಲೆ ಜೆರ್ರಿ ಕ್ಯಾನ್ (ಇಂಧನ, ನೀರು ತುಂಬುವ ದೊಡ್ಡ ಡಬ್ಬ) ಬೇಡವೇ ಬೇಡ, ಭಾರ ಮೇಲೇರಿದಷ್ಟೂ ಗಾಡಿ ಬೇಗ ಮಗುಚುತ್ತದೆ.

ಮೀಟರ್ ಇಲ್ಲದವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ನನ್ನ ಹತ್ತಿರ ಗುಂಡು ಉರುಳುವ ಹಳೇದು ಎರಡಿವೆ.