ಗಣೇಶ ಹಬ್ಬದಿಂದ ಸಣ್ಣ ಡೀಸೆಲ್ ಜನರೇಟರ್ ಬಾಡಿಗೆ ನಿಲ್ಲಿಸುತ್ತಿದ್ದೇವೆ

ನಮ್ಮ ಎಲ್ಲ ಗ್ರಾಹಕರಿಗೆ, ಉತ್ಸವ ಸಮಿತಿಗಳಿಗೆ, ಛತ್ರದ ವ್ಯವಸ್ಥಾಪಕರಿಗೆ ನಮಸ್ಕಾರ.

ಈ ಸಲದ ಗೌರಿ-ಗಣೇಶ ಹಬ್ಬದಿಂದ ನಮ್ಮ ಕಾಮಾಕ್ಷಿಪಾಳ್ಯದ ಗೋಡೌನಿನಿಂದ 15 ಕೆವಿಎ (ಜನರೇಟರ್ ಸಾಮರ್ಥ್ಯದ ಅಳತೆ) ಮತ್ತು ಅದಕ್ಕಿಂತ ಚಿಕ್ಕ ಡೀಸೆಲ್ ಜನರೇಟರ್‌ಗಳು ಬಾಡಿಗೆಗೆ ಹೊರಡುವುದಿಲ್ಲ. ಅವುಗಳ ಜಾಗಕ್ಕೆ ಬ್ಯಾಟರಿ ಸೆಟ್‌ಗಳು ಬರುತ್ತವೆ. ಶಾಮಿಯಾನ, ಕುರ್ಚಿ, ಪಾತ್ರೆ, ಮೈಕ್ ಸೆಟ್, ಸೀರಿಯಲ್ ಲೈಟು ಎಲ್ಲ ಮೊದಲಿನಂತೆಯೇ. ಬಾಡಿಗೆಯ ಲೆಕ್ಕವೂ, ಬುಕಿಂಗ್ ಹೊತ್ತಿಗೆ ನಾವು ನಿಮ್ಮನ್ನು ಕೇಳುವ ಪ್ರಶ್ನೆಗಳೂ ಬದಲಾಗುವುದರಿಂದ ಈ ಪತ್ರ.

ಪೆಂಡಾಲಿನ ಜನರೇಟರ್‌ಗೆ ಇರುವ ದೊಡ್ಡ ಕೆಲಸ ಕಾಯುವುದು. ಮುಹೂರ್ತದ ಹೊತ್ತಿಗೆ ಮೈಕ್ ನಿಂತರೆ ಯಾರು ಜವಾಬ್ದಾರರು ಎಂಬ ಭಯಕ್ಕೆ, ಲೈನಿನಲ್ಲಿ ಕರೆಂಟ್ ಇದ್ದರೂ ಎಂಜಿನ್ ಶುರು ಮಾಡಿಸುತ್ತೀರಿ. ತಪ್ಪೇನಿಲ್ಲ, ಮದುವೆ ಮನೆಯ ಆತಂಕ ನಮಗೆ ಗೊತ್ತಿರದ್ದಲ್ಲ. ಆದರೆ ಡೀಸೆಲ್ ಎಂಜಿನ್‌ಗೆ ಸುಮ್ಮನೆ ಕಾಯಲು ಬರುವುದಿಲ್ಲ. ಕಾಯುವಷ್ಟು ಹೊತ್ತೂ ಕುಡಿಯುತ್ತಲೇ ಇರುತ್ತದೆ.

ಇದರ ಮೇಲೆ ಲೋಡೂ ಇಳಿದಿದೆ. ಹಿಂದೆ ವೇದಿಕೆಗೆ ಸಾವಿರ ವ್ಯಾಟ್‌ನ ಹ್ಯಾಲೊಜನ್ ಫೋಕಸ್ ಕಟ್ಟುತ್ತಿದ್ದೆವು. ಈಗ ಆ ಜಾಗದಲ್ಲಿ ನೂರು ವ್ಯಾಟ್‌ನ ಎಲ್‌ಇಡಿ ಸಾಕು. ಆರು ಫೋಕಸ್, ಸೀರಿಯಲ್ ಸೆಟ್, ಸಾಧಾರಣ ಮೈಕ್, ಹತ್ತು ಸ್ಟ್ಯಾಂಡ್ ಫ್ಯಾನ್ ಎಲ್ಲ ಸೇರಿದರೂ ಮೂರು ಕಿಲೋವ್ಯಾಟ್ ಸುತ್ತಮುತ್ತ. ದೀಪ ಬದಲಾಯಿತು, ಎಂಜಿನ್ ಮಾತ್ರ ಅದೇ 15 ಕೆವಿಎ. ಪೂರ್ತಿ ಲೋಡಿನಲ್ಲಿ ಅದು ಗಂಟೆಗೆ ನಾಲ್ಕು ಲೀಟರ್ ಹತ್ತಿರ ಕುಡಿಯುತ್ತದೆ. ಲೋಡ್ ಕಾಲು ಭಾಗಕ್ಕೆ ಇಳಿದಾಗ ಒಂದು ಲೀಟರ್ ಸಾಕು ಎನ್ನುವುದಿಲ್ಲ, ಒಂದೂವರೆಗಿಂತ ಹೆಚ್ಚೇ ಬೇಕು. ಕಡಿಮೆ ಲೋಡಿನಲ್ಲಿ ಸಿಲಿಂಡರ್ ಸರಿಯಾಗಿ ಬಿಸಿಯಾಗುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದದ್ದು ಮಸಿಯಾಗಿ ಸೈಲೆನ್ಸರ್‌ನಲ್ಲಿ ಕೂರುತ್ತದೆ, ಇಲ್ಲವೇ ಊಟದ ಪಂಕ್ತಿಯ ಕಡೆಗೆ ಬರುತ್ತದೆ.

ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಲೀಟರ್ ಡೀಸೆಲ್ಲೇ ಒಂದು ಕೆ.ಜಿ. ತೂಗುವುದಿಲ್ಲವಲ್ಲ ಎಂದು ಹಲವರು ಕೇಳುತ್ತಾರೆ. ಉರಿಯುವಾಗ ಗಾಳಿಯ ಆಮ್ಲಜನಕ ಸೇರಿಕೊಳ್ಳುವುದರಿಂದ ತೂಕ ಏರುತ್ತದೆ. ಐದು ಗಂಟೆಯ ಆರತಕ್ಷತೆಗೆ ಎಂಟು ಲೀಟರ್ ಹೋದರೆ ಸುಮಾರು 22 ಕೆ.ಜಿ. ಆಯಿತು. ಅದರಿಂದ ಸಿಕ್ಕಿದ್ದು ಹದಿನೈದು ಯೂನಿಟ್ ವಿದ್ಯುತ್ ಅಷ್ಟೆ.

ಇಂಗಾಲದ ಮಾತು ದೂರದ್ದು ಅನ್ನಿಸಿದರೆ ಹೊಗೆಯ ಮಾತು ಹತ್ತಿರದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಬಸ್ಸು, ಲಾರಿಯ ಹೊಗೆ ರಸ್ತೆಯಲ್ಲಿ ಹಾದುಹೋಗುತ್ತದೆ, ನಮ್ಮ ಜನರೇಟರ್‌ನದು ಗಲ್ಲಿಯ ಎರಡು ಮನೆಗಳ ನಡುವೆ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಅತಿಥಿಗಳು ಎರಡು ಗಂಟೆ ಇದ್ದು ಹೋಗುತ್ತಾರೆ. ಇಡೀ ರಾತ್ರಿ ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುವವರು ನಮ್ಮ ಆಪರೇಟರ್ ಹುಡುಗರು. ನಮ್ಮ ನಿರ್ಧಾರಕ್ಕೆ ಮುಖ್ಯ ಕಾರಣ ಅವರೇ ಎಂದರೂ ಸುಳ್ಳಲ್ಲ.

ಗಂಧಕ ಕಡಿಮೆ ಇರುವ ಬಿಎಸ್-6 ದರ್ಜೆಯ ಡೀಸೆಲ್ ಬಂದಿದೆಯಲ್ಲ, ಇನ್ನೇನು ಹೊಗೆ ಅನ್ನುವವರಿದ್ದಾರೆ. 2020ರ ಏಪ್ರಿಲ್‌ನಿಂದ ಡೀಸೆಲ್‌ನ ಗಂಧಕ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿದದ್ದು ನಿಜ, ಒಳ್ಳೆಯ ಕೆಲಸ. ಆದರೆ ಮಸಿ ಹಿಡಿಯುವ ಫಿಲ್ಟರ್ ಇಲ್ಲದ ಹಳೆಯ ಎಂಜಿನ್ ಒಳ್ಳೆಯ ಡೀಸೆಲ್ ಕುಡಿದರೂ ಮಸಿ ಉಗುಳುತ್ತದೆ. ಜನರೇಟರ್‌ಗಳಿಗೆ ಬಿಗಿಯಾದ ಹೊಸ ನಿಯಮ 2023ರ ಜುಲೈನಲ್ಲಿ ಜಾರಿಗೆ ಬಂತು. ಅದು ಅನ್ವಯವಾಗುವುದು ಹೊಸದಾಗಿ ತಯಾರಾಗುವ ಸೆಟ್‌ಗಳಿಗೆ.

ರಾಜಾಜಿನಗರದ ಹಿರಿಯ ಗ್ರಾಹಕರೊಬ್ಬರು ಕೇಳಿದರು: "ನಿಮ್ಮ ಬ್ಯಾಟರಿಗೆ ತುಂಬುವ ಕರೆಂಟು ಎಲ್ಲಿಂದ ಬರುತ್ತೆ ಸ್ವಾಮಿ? ರಾಯಚೂರಿನ ಕಲ್ಲಿದ್ದಲೇ ತಾನೆ?" ಕೇಳಬೇಕಾದ ಪ್ರಶ್ನೆಯೇ. ರಾಯಚೂರು, ಬಳ್ಳಾರಿ, ಯರಮರಸ್‌ನ ಚಿಮಣಿಗಳು ಆರಿಲ್ಲ. ದೇಶದ ವಿದ್ಯುತ್ ಜಾಲ, ಅಂದರೆ ಗ್ರಿಡ್‌ನ ಸರಾಸರಿ ತೆಗೆದರೆ ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಇದೆ. ಬ್ಯಾಟರಿಗೆ ತುಂಬಿ ತೆಗೆಯುವಾಗ ಆಗುವ ನಷ್ಟ ಸೇರಿಸಿಕೊಂಡರೂ ಆ ಹದಿನೈದು ಯೂನಿಟ್‌ಗೆ 12 ಕೆ.ಜಿ. ಆಸುಪಾಸು ಬರುತ್ತದೆ, ಡೀಸೆಲ್‌ನ 22ಕ್ಕೆ ಬದಲು. ಶೂನ್ಯವಲ್ಲ. ಆದರೆ ನಮ್ಮ ಹಳೆಯ ಎಂಜಿನ್ ಮುಂದಿನ ವರ್ಷವೂ ಇಷ್ಟೇ ಹೊಗೆ ಬಿಡುತ್ತದೆ, ಗ್ರಿಡ್ ಹಾಗಲ್ಲ. ಶರಾವತಿಯ ನೀರಿನ ಜೊತೆಗೆ ಚಿತ್ರದುರ್ಗ, ಗದಗಿನ ಗಾಳಿ ಸೇರಿದೆ. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ನಿಂತಿದೆ. ನಮ್ಮ ಯಲಹಂಕದಲ್ಲೇ 1990ರ ದಶಕದಲ್ಲಿ ಡೀಸೆಲ್ ಸುಟ್ಟು ವಿದ್ಯುತ್ ಮಾಡುವ ಸರ್ಕಾರಿ ಸ್ಥಾವರ ಬಂದಿತ್ತು, ಅದು ಮುಚ್ಚಿ ಈಗ ಅನಿಲದ ಸ್ಥಾವರವಾಗಿದೆ. ಅನಿಲವೂ ಭೂಮಿಯಿಂದ ತೆಗೆದ ಇಂಧನವೇ, ಅಷ್ಟರಲ್ಲಿ ಬೀಗುವಂತಿಲ್ಲ. ನಮ್ಮ ಪಾಲಿಗೆ, ಗೋಡೌನಿನ ಶೀಟಿನ ಮೇಲೆ 10 ಕಿಲೋವ್ಯಾಟ್ ಸೋಲಾರ್ ಕೂರಿಸಿದ್ದೇವೆ. ಬಿಸಿಲಿದ್ದರೆ ದಿನಕ್ಕೆ ನಲವತ್ತು ಯೂನಿಟ್, ಅಂದರೆ ಎರಡು ಬ್ಯಾಟರಿ ಸೆಟ್ ತುಂಬುವಷ್ಟು. ಆಷಾಢದ ಮೋಡದಲ್ಲಿ ಅಷ್ಟು ಬರುವುದಿಲ್ಲ. ಪುಣ್ಯಕ್ಕೆ ಆಗ ಮದುವೆಯೂ ಇರುವುದಿಲ್ಲ.

ಈಗ ವ್ಯವಹಾರದ ಮಾತು. ಒಂದು ಸೆಟ್ಟಿನಲ್ಲಿ 20 ಯೂನಿಟ್ ಹಿಡಿಯುತ್ತದೆ. ಮೂರು ಕಿಲೋವ್ಯಾಟ್ ಲೋಡಿಗೆ ಆರು ಗಂಟೆ, ಅದೂ ಕರೆಂಟ್ ಪೂರ್ತಿ ಹೋಗಿದ್ದರೆ ಮಾತ್ರ. ಕರೆಂಟ್ ಇರುವಾಗ ನಿಮ್ಮ ಲೈನಿನಿಂದಲೇ ತುಂಬಿಕೊಳ್ಳುತ್ತಿರುತ್ತದೆ, ಹೋದಾಗ ದೀಪ ಮಿಣುಕದಂತೆ ತಾನೇ ಎತ್ತಿಕೊಳ್ಳುತ್ತದೆ. ಡೀಸೆಲ್ ಸೆಟ್‌ಗೆ 2,500 ರೂಪಾಯಿ, ಜೊತೆಗೆ ಡೀಸೆಲ್, ಆಪರೇಟರ್ ಬಾಟಾ ಇರುತ್ತಿತ್ತು. ಬ್ಯಾಟರಿಗೆ ಮೊದಲ ದಿನಕ್ಕೆ 4,500, ಎರಡನೇ ದಿನದಿಂದ 2,500; ಬೇರೆ ಖರ್ಚಿಲ್ಲ. ಒಂದೇ ಸಂಜೆಯ ಕಾರ್ಯಕ್ರಮಕ್ಕೆ ನಿಮಗೆ ನಾನ್ನೂರು-ಐನೂರು ಹೆಚ್ಚು ಬೀಳುತ್ತದೆ, ಮುಚ್ಚಿಡುವುದಿಲ್ಲ. ಐದು ದಿನದ ಗಣೇಶನಿಗೆ ಕಡಿಮೆಯಾಗುತ್ತದೆ.

ಬುಕಿಂಗ್ ಮಾಡುವಾಗ ಏನೇನು ಹಾಕುತ್ತೀರಿ ಎಂದು ಕೇಳುತ್ತೇವೆ, ದಯವಿಟ್ಟು ಬಿಡಿಸಿ ಹೇಳಿ. ಗೀಸರ್, ಎಸಿ, ಛತ್ರದ ಲಿಫ್ಟ್, ಆರ್ಕೆಸ್ಟ್ರಾದ ದೊಡ್ಡ ಸ್ಪೀಕರ್‌ಗಳಿಗೆ ಇದು ಆಗದು. ಅಡುಗೆ ಭಟ್ಟರ ಗ್ರೈಂಡರ್ ಒಂದಾದರೆ ನಡೆಯುತ್ತದೆ. ಅಣ್ಣಮ್ಮ ದೇವಿ ಉತ್ಸವ, ರಾಜ್ಯೋತ್ಸವದಂಥ ದೊಡ್ಡ ಕಾರ್ಯಕ್ರಮಗಳಿಗಾಗಿ 62.5 ಕೆವಿಎ ಡೀಸೆಲ್ ಸೆಟ್ ಒಂದನ್ನು ಉಳಿಸಿಕೊಂಡಿದ್ದೇವೆ, ಅದಕ್ಕೆ ಬದಲಿ ಕೊಳ್ಳುವ ಶಕ್ತಿ ಸದ್ಯಕ್ಕೆ ನಮಗಿಲ್ಲ. ಕಡಲೆಕಾಯಿ ಪರಿಷೆಯ ವ್ಯಾಪಾರಿಗಳಿಗೆ ಒಂದೆರಡು ಬಲ್ಬಿಗೆ ಸಾಕಾಗುವ ಸಣ್ಣ ಪೆಟ್ಟಿಗೆಗಳೂ ಬಂದಿವೆ.

ಸದ್ದಿನ ವಿಷಯ. ಜನರೇಟರ್‌ಗೆ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್‌ವರೆಗೆ ನಿಯಮವೇ ಬಿಟ್ಟಿದೆ, ಬ್ಯಾಟರಿ ಸೆಟ್‌ನಲ್ಲಿ ಸದ್ದು ಮಾಡುವುದು ಸಣ್ಣ ಫ್ಯಾನ್ ಒಂದೇ. ನೀವು ಹಾಕುವ ಡಿಜೆಗೆ ಮಾತ್ರ ನಾವು ಹೊಣೆಯಲ್ಲ, ರಾತ್ರಿ ಹತ್ತರ ನಿಯಮ ಇದ್ದೇ ಇದೆ.

ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್ ಬಗೆಯದು, ಕೋಬಾಲ್ಟ್ ಇಲ್ಲ. ಲಿಥಿಯಂ ಗಣಿಗಾರಿಕೆಯಿಂದಲೂ ಹಾನಿ ಇದೆ, ಇಲ್ಲ ಅನ್ನುವುದಿಲ್ಲ. ಆಯಸ್ಸು ಮುಗಿದ ಮೇಲೆ 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಅದನ್ನು ವಿಲೇವಾರಿ ಮಾಡಿಸುವ ಹೊಣೆ ತಯಾರಕರದು. ಹಳೆಯ ಜನರೇಟರ್‌ಗಳನ್ನು ಕೊಳ್ಳಲು ಇಬ್ಬರು ಬಂದಿದ್ದರು, ಕೊಡಲಿಲ್ಲ. ಕೊಟ್ಟರೆ ಅದೇ ಹೊಗೆ ಇನ್ನೊಂದು ಗಲ್ಲಿಯಲ್ಲಿ ಏಳುತ್ತದೆ. ಎಂಜಿನ್ ಬಿಚ್ಚಿ ಗುಜರಿಗೆ ಹಾಕುತ್ತೇವೆ, ತಾಮ್ರಕ್ಕೆ ಹೇಗೂ ಬೆಲೆ ಇದೆ.

ಕಾರ್ತಿಕ ಮಾಸದ ಮದುವೆಗಳಿಗೆ ಈಗಾಗಲೇ ಡೀಸೆಲ್ ಸೆಟ್ ಎಂದು ಅಡ್ವಾನ್ಸ್ ಕೊಟ್ಟಿರುವವರಿಗೆ ಬ್ಯಾಟರಿ ಸೆಟ್ಟೇ ಬರುತ್ತದೆ, ದರ ಹಳೆಯ ರಸೀದಿಯಲ್ಲಿ ಬರೆದಷ್ಟೇ. ಒಪ್ಪಿಗೆ ಇಲ್ಲದಿದ್ದರೆ ದಸರಾ ಒಳಗೆ ತಿಳಿಸಿ, ಅಡ್ವಾನ್ಸ್ ಪೂರ್ತಿ ವಾಪಸ್ ಕೊಡುತ್ತೇವೆ. ನೋಡಿ ನಿರ್ಧರಿಸುತ್ತೇವೆ ಎನ್ನುವವರು ಭಾನುವಾರ ಬಿಟ್ಟು ಯಾವ ದಿನವಾದರೂ ಗೋಡೌನಿಗೆ ಬನ್ನಿ, ನಿಮ್ಮ ಮೈಕ್ ಸೆಟ್ಟನ್ನೇ ತಂದು ಹಾಕಿ ನೋಡಬಹುದು.

ಇಂತಿ,
ಮಾಲೀಕರು ಮತ್ತು ಸಿಬ್ಬಂದಿ
ಶಾಮಿಯಾನ, ಲೈಟಿಂಗ್ ಮತ್ತು ಸೌಂಡ್ಸ್ ವಿಭಾಗ, ಕಾಮಾಕ್ಷಿಪಾಳ್ಯ, ಬೆಂಗಳೂರು