ಕ್ಯೋಟೋದಲ್ಲಿ ನಿನಗೆ ಊಟ ಸಿಗುತ್ತೆ ಕಣೋ

ಪ್ರೀತಿಯ ಗೆಳೆಯಾ,

ಜಪಾನಿಗೆ ಹೋದರೆ ಸಸ್ಯಾಹಾರಿಗಳು ಬ್ರೆಡ್ಡು, ಬಾಳೆಹಣ್ಣು ತಿಂದೇ ದಿನ ತಳ್ಳಬೇಕು ಅಂತ ನೀನು ಹೇಳುತ್ತಲೇ ಇರುತ್ತೀಯಲ್ಲ, ಅದಕ್ಕೇ ಈ ಪತ್ರ. ಬೇರೆ ಊರಿನ ಮಾತು ಬಿಡು. ಕ್ಯೋಟೋದಲ್ಲಿ ಸೊಪ್ಪು, ತರಕಾರಿ, ತೋಫು (ಸೋಯಾ ಹಾಲಿನ ಪನೀರ್) ಅಡುಗೆಗೆ ದೊಡ್ಡ ಮರ್ಯಾದೆ ಇದೆ. ಮೀನು, ಮಾಂಸ ತೆಗೆದು ಉಳಿದದ್ದನ್ನು ತಟ್ಟೆಗೆ ಹಾಕಿಕೊಡುವ ಊಟ ಅಲ್ಲ ಅದು.

ಅಲ್ಲಿ ಅರಾಶಿಯಾಮಾ ಕಡೆ ತೆನ್ರ್ಯೂಜಿ ಅಂತ ಝೆನ್ ಬೌದ್ಧ ದೇವಾಲಯ ಇದೆ. ಕಟ್ಟಲು ಶುರುವಾಗಿದ್ದು 1339ರಲ್ಲಿ. ಅದರ ಆವರಣದಲ್ಲೇ ಶಿಗೆತ್ಸು ಅನ್ನುವ ಊಟದ ಮನೆ, ಬಡಿಸುವುದು ಶೋಜಿನ್ ರ್ಯೋರಿ, ಅಂದರೆ ಬೌದ್ಧ ಸನ್ಯಾಸಿಗಳ ಅಡುಗೆ. ಮಾಂಸ ಇಲ್ಲ, ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಿಮ್ಮಜ್ಜಿ ಬಂದು ಕೂತರೂ ನೆಮ್ಮದಿಯಾಗಿ ಉಣ್ಣಬಹುದು. ಚಾಪೆ ಹಾಸಿದ ಕೋಣೆಯಲ್ಲಿ ಕೆಳಗೇ ಕೂರಬೇಕು. ಎದುರಿಗೆ ಕೆಂಪು ಮೆರುಗಿನ ಬಟ್ಟಲುಗಳು, ಒಂದೊಂದರಲ್ಲೂ ನಾಲ್ಕು ತುತ್ತಿನಷ್ಟೇ. ನನಗೆ ಜಾಸ್ತಿ ಹಿಡಿಸಿದ್ದು ಗೋಮಾ ದೋಫು. ಎಳ್ಳು ನುಣ್ಣಗೆ ಅರೆದು, ಕುಜು ಗೆಡ್ಡೆಯ ಹಿಟ್ಟು ಬೆರೆಸಿ, ಕೈ ಬಿಡದೆ ತಿರುವುತ್ತಾ ಗಟ್ಟಿ ಮಾಡುತ್ತಾರೆ. ಮೇಲೆ ಚಿಟಿಕೆ ವಸಾಬಿ, ಅಂದರೆ ಖಾರದ ಹಸಿರು ಚಟ್ನಿಯಂಥದ್ದು. ಬಾಯಿಗಿಟ್ಟರೆ ಮೊದಲು ತಣ್ಣಗಿನ ನುಣುಪು, ಆಮೇಲೆ ಎಳ್ಳಿನ ಪರಿಮಳ, ಕೊನೆಗೆ ಮೂಗಿಗೆ ಹತ್ತುವ ವಸಾಬಿ ಘಾಟು. ನಿಧಾನಕ್ಕೆ ತಿನ್ನು, ದಯವಿಟ್ಟು.

ಈ ಊರಲ್ಲಿ ಇಂಥ ಅಡುಗೆ ಬೆಳೆದದ್ದಕ್ಕೆ ಕಾರಣ ಇದೆ. 794ರಿಂದ ಸಾವಿರ ವರ್ಷಕ್ಕೂ ಮೇಲೆ ರಾಜಧಾನಿಯಾಗಿದ್ದ ಊರು, ದೇವಾಲಯಗಳು ಲೆಕ್ಕವಿಲ್ಲದಷ್ಟು, ಆದರೆ ಸಮುದ್ರ ದೂರ. ಹಸಿ ಮೀನು ಸುಲಭಕ್ಕೆ ಬರುತ್ತಿರಲಿಲ್ಲ. ಉತ್ತರದ ಹೊಕ್ಕೈಡೋ ದ್ವೀಪದಿಂದ ಕೊಂಬು ಅನ್ನುವ ಕಡಲಕಳೆ ಒಣಗಿಸಿ ಹಡಗಿನಲ್ಲಿ ತರುತ್ತಿದ್ದರು, ಇಲ್ಲಿನ ಮೆದು ನೀರಿನಲ್ಲಿ ಅದರ ಸಾರ ಚೆನ್ನಾಗಿ ಬಿಡುತ್ತೆ. ಆ ಕೊಂಬು ರಸದ ರುಚಿಗೆ ಕಾರಣ ಗ್ಲುಟಮೇಟ್ ಅಂತ 1908ರಲ್ಲಿ ಕಂಡುಹಿಡಿದು ಉಮಾಮಿ ಅಂತ ಹೆಸರಿಟ್ಟ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಹುಟ್ಟಿದ್ದೂ ಇದೇ ಊರಲ್ಲಿ!

ಒಂದು ವಿಷಯ ಮಾತ್ರ ಗಟ್ಟಿಯಾಗಿ ನೆನಪಿಟ್ಟುಕೋ. ಹೊರಗಿನ ಹೋಟೆಲುಗಳಲ್ಲಿ ಬರೀ ತರಕಾರಿ ಕಂಡರೂ ನಂಬಬೇಡ. ಅದನ್ನು ಬೇಯಿಸುವ ದಾಶಿ ಅನ್ನುವ ತಿಳಿಸಾರಿನಲ್ಲಿ ಸಾಮಾನ್ಯವಾಗಿ ಕತ್ಸುವೊಬುಶಿ, ಅಂದರೆ ತೆಳ್ಳಗೆ ಹೆರೆದ ಒಣಮೀನು, ಇರುತ್ತೆ. ಮಿಸೊ (ಹುದುಗಿಸಿದ ಸೋಯಾ ಹಿಟ್ಟು) ಸೂಪಿನಲ್ಲೂ ಅಷ್ಟೇ. ಕೊಂಬು ದಾಶಿ ಅಂತಲೇ ಕೇಳು. ನಾನ್‌ಜೆಂಜಿ ದೇವಾಲಯದ ಸುತ್ತಮುತ್ತ ಯುದೋಫು ಸಿಗುತ್ತೆ, ಕೊಂಬು ಹಾಕಿದ ಬಿಸಿನೀರಲ್ಲಿ ತೋಫು, ಅಷ್ಟೇ. ಆದರೆ ಅದ್ದಿಕೊಳ್ಳಲು ಕೊಡುವ ಸಾಸಿನಲ್ಲೂ ಮೀನು ಇರಬಹುದು, ಅದನ್ನೂ ಕೇಳಿಬಿಡು. ನಿಶಿಕಿ ಮಾರುಕಟ್ಟೆಯಲ್ಲಿ ಯುಬಾ ಹುಡುಕು, ಸೋಯಾ ಹಾಲು ಕಾಯಿಸಿದಾಗ ಮೇಲೆ ಕಟ್ಟುವ ಕೆನೆ.

ಚಹಾಗೆ ಉಜಿಗೆ ಹೋಗು, ರೈಲಿನಲ್ಲಿ ಹತ್ತಿರವೇ. ಮಚ್ಚಾ ಅನ್ನುವ ಹಸಿರು ಚಹಾಪುಡಿಯ ಗಿಡಗಳಿಗೆ ಕೊಯ್ಲಿಗೆ ಕೆಲವು ವಾರ ಮೊದಲೇ ನೆರಳು ಹಾಕುತ್ತಾರೆ, ಕಹಿ ಕಡಿಮೆಯಾಗುತ್ತೆ. ಮೊದಲು ಸಿಹಿ ತಿಂದು ಮುಗಿಸಬೇಕು, ಆಮೇಲೆ ಚಹಾ. ಬಟ್ಟಲಿನ ಚೆಂದದ ಮುಖವನ್ನು ನಿನ್ನ ಕಡೆ ಇಟ್ಟು ಕೊಡುತ್ತಾರೆ, ಅಲ್ಲಿಗೆ ಬಾಯಿ ಹಚ್ಚಬಾರದು ಅಂತ ಸ್ವಲ್ಪ ತಿರುಗಿಸಿ ಕುಡಿಯುವುದು ರೂಢಿ. ಮಾಡಿದವರ ಕೈಗೆ ಕೊಡುವ ಗೌರವ ಅದು, ನನಗಂತೂ ತುಂಬಾ ಇಷ್ಟವಾಯಿತು.

ನವೆಂಬರ್ ಕೊನೆಯಲ್ಲಿ ಮೇಪಲ್ ಎಲೆ ಕೆಂಪಾಗುತ್ತೆ, ಜನವೂ ಜಾಸ್ತಿ. ರೂಮು ಮೊದಲೇ ಹಿಡಿ. ಶಿಗೆತ್ಸುವಿನಲ್ಲಿ ಮಧ್ಯಾಹ್ನ ಮಾತ್ರ ಊಟ, ಅದಕ್ಕೂ ಮುಂಚೆ ಹೇಳಿಟ್ಟುಕೋ. ದಿನ ಗೊತ್ತಾದರೆ ಬರಿ.

ನಿನ್ನ ಗೆಳೆಯ